ಗಾಗ್: ಬೀಗವಿಲ್ಲದ ಅಂಗಡಿಯಲ್ಲಿ ಸಿಗದ ಒಂದು ಆಟ

ಕಂಪ್ಯೂಟರ್ ಆಟಗಳನ್ನು ಆನ್‌ಲೈನಿನಲ್ಲಿ ಮಾರುವ ಪೋಲೆಂಡಿನ ಗಾಗ್ ಅಂಗಡಿಗೆ ಐದರಲ್ಲಿ ನಾಲ್ಕು ನಕ್ಷತ್ರ. ವರ್ಷಗಳಿಂದ ಅಲ್ಲಿ ಆಟ ಕೊಳ್ಳುತ್ತಿದ್ದೇನೆ, ಮುಂದೆಯೂ ಕೊಳ್ಳುತ್ತೇನೆ. ಐದನೆಯ ನಕ್ಷತ್ರವನ್ನು ತಡೆಹಿಡಿದಿರುವುದು ಒಂದೇ ಒಂದು ಆಟದ ಕಾರಣಕ್ಕೆ. ಆ ಆಟ ಕೆಟ್ಟದ್ದೆಂದಲ್ಲ, ಅದನ್ನು ಅವರು ಮಾರಲೇ ಇಲ್ಲವೆಂದು.

ಇಲ್ಲಿನ ಆಟಗಳಿಗೆ ಡಿಆರ್‌ಎಂ ಇಲ್ಲ, ಅಂದರೆ ಕೊಂಡವರೇ ಆಡುತ್ತಿದ್ದಾರೆಯೇ ಎಂದು ಕಾಯುವ ಡಿಜಿಟಲ್ ಬೀಗ ಇಲ್ಲ. ಉಳಿದ ನಿಯಮಗಳ ಮಾತು ಬಿಡುತ್ತೇನೆ. ನನ್ನನ್ನು ಹಿಡಿದಿಟ್ಟಿರುವುದು ಆಫ್‌ಲೈನ್ ಇನ್‌ಸ್ಟಾಲರ್, ಅಂದರೆ ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಆಟವನ್ನು ಕಂಪ್ಯೂಟರಿನಲ್ಲಿ ಕೂರಿಸುವ ಫೈಲುಗಳು. ನಮ್ಮದು ತೀರ್ಥಹಳ್ಳಿ ಕಡೆಯ ಊರು. ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಕರೆಂಟು, ಅದರ ಬೆನ್ನಿಗೇ ನೆಟ್‌ವರ್ಕು. ಹೀಗಾಗಿ ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವ ಹಾಗೆ ಮೇ ತಿಂಗಳಲ್ಲೇ ಆಟಗಳನ್ನು ಒಟ್ಟಿಕೊಳ್ಳುತ್ತೇನೆ. ರಾತ್ರಿ ಊಟವಾದ ಮೇಲೆ ಡೌನ್‌ಲೋಡ್ ಹಚ್ಚಿ ಮಲಗುವುದು. ದೊಡ್ಡ ಆಟವಾದರೆ ಒಂದು ಇಎಕ್ಸ್‌ಇ ಫೈಲು, ಅದರ ಹಿಂದೆ ನಾಲ್ಕು ನಾಲ್ಕು ಜಿಬಿಯ ಬಿನ್ ಫೈಲುಗಳ ಸಾಲು. ಸಾಲಿನಲ್ಲಿ ಒಂದು ತಪ್ಪಿದರೂ ಆಟ ಕೂರುವುದಿಲ್ಲವಾದ್ದರಿಂದ ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಂದೊಂದೇ ಅಂಕಿ ನೋಡುತ್ತ ಹೋಗುತ್ತೇನೆ. ಆಮೇಲೆ ಹಾರ್ಡ್ ಡಿಸ್ಕಿಗೆ. ಜೊತೆಗೆ ಬರುವ ಕೈಪಿಡಿಯ ಪಿಡಿಎಫ್, ಹಿನ್ನೆಲೆ ಸಂಗೀತ ಎಲ್ಲವೂ ಅದೇ ಫೋಲ್ಡರಿಗೆ.

ಜುಲೈ ಸಂಜೆಗಳಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಆಡುತ್ತೇನೆ. ಅದರಲ್ಲಿ ಏಳು ದಿನಕ್ಕೊಂದು ವಾರ, ಹೊಸ ವಾರ ಹುಟ್ಟಿದಾಗ ಕೋಟೆಗಳಲ್ಲಿ ಹೊಸ ಸೈನಿಕರು ತುಂಬಿಕೊಳ್ಳುತ್ತಾರೆ. ಸರಿಯಾಗಿ ಅಲ್ಲಿಗೆ ಸೇವ್ ಮಾಡಿ ಏಳುವುದು ನನ್ನ ಪದ್ಧತಿ. ಮರುದಿನ ಕೂತ ತಕ್ಷಣ ಖರ್ಚು ಮಾಡಲು ಸೈನ್ಯ ಸಿದ್ಧವಿರುತ್ತದೆ. 1999ರ ಆಟ ಇದು. ಲಾಗಿನ್ ಕೇಳುವುದಿಲ್ಲ, ಇಂಟರ್ನೆಟ್ ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡು ಕೊಳ್ಳುವ ಶಕ್ತಿ ಇಲ್ಲದ ನನ್ನಂಥವರಿಗೆ ಇದು ಧಾರಾಳವಾಯಿತು. ಬೇಸಿಗೆ ಮತ್ತು ಚಳಿಗಾಲದ ಸೇಲ್ ಬಿಟ್ಟು ಬೇರೆ ಹೊತ್ತಿನಲ್ಲಿ ನಾನು ಕೊಳ್ಳುವುದಿಲ್ಲ. ಒಂದು ಆಟಕ್ಕೆ ಮುನ್ನೂರು ರೂಪಾಯಿ ದಾಟಿದರೆ ವಿಶ್‌ಲಿಸ್ಟಿನಲ್ಲೇ ಕೊಳೆಯಲಿ ಎಂದು ಬಿಡುತ್ತೇನೆ.

ಇನ್ನು ಆ ಆಟದ ವಿಷಯ.

ತೈವಾನಿನ ಆಟ ತಯಾರಿಸುವ ಸ್ಟುಡಿಯೋ ರೆಡ್ ಕ್ಯಾಂಡಲ್ ಗೇಮ್ಸ್ 2019ರ ಫೆಬ್ರುವರಿಯಲ್ಲಿ ಸ್ಟೀಮ್ ಎಂಬ ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ‘ಡಿವೋಷನ್’ ಎಂಬ ಭಯಾನಕ ಆಟ ಬಿಡುಗಡೆ ಮಾಡಿತು. 1980ರ ದಶಕದ ತೈಪೆಯ ಒಂದು ಅಪಾರ್ಟ್‌ಮೆಂಟು. ಅಪ್ಪ ಕೆಲಸ ಕೈಹಿಡಿಯದ ಚಿತ್ರಕಥೆಗಾರ, ಅಮ್ಮ ಹಾಡು ಬಿಟ್ಟ ಗಾಯಕಿ, ಮಗಳಿಗೆ ಕಾಯಿಲೆ. ಡಾಕ್ಟರನ್ನು ಬಿಟ್ಟು ದೇವರ ಹೆಸರು ಹೇಳುವವರ ಬೆನ್ನು ಹತ್ತಿದ ಅಪ್ಪನಿಂದ ಆ ಮನೆ ಏನಾಯಿತು ಎಂಬುದೇ ಕಥೆ. ಮಗಳು ಕಾಗದ ಮಡಚಿ ಮಾಡುವ ಟುಲಿಪ್ ಹೂಗಳನ್ನು ನೋಡಿದವರು ಬೇಗ ಮರೆಯುವುದಿಲ್ಲ. ಇಲ್ಲಿ ಚೀನಾದ ರಾಜಕೀಯಕ್ಕೆ ಜಾಗವೇ ಇಲ್ಲ, ಗೋಡೆಯ ಮೇಲಿನ ಒಂದು ಹಳದಿ ಮಂತ್ರದ ಚೀಟಿಯನ್ನು ಬಿಟ್ಟು. ಅದರ ಕೆಂಪು ಮುದ್ರೆಯಲ್ಲಿ, ಪುರಾತನ ಲಿಪಿಯಲ್ಲಿ, ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಹೆಸರಿನ ಜೊತೆ, ಅವರನ್ನು ಗೇಲಿ ಮಾಡಲು ಬಳಸುವ ಕಾರ್ಟೂನ್ ಕರಡಿಯ ಹೆಸರು ವಿನ್ನಿ ದ ಪೂ ಎಂದು ಬರೆದಿತ್ತು. ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಬೇಕಾದ ಕುಚೇಷ್ಟೆ. ತಯಾರಕರು ಕ್ಷಮೆ ಕೇಳಿ ಅದನ್ನು ಬದಲಿಸಿದರು. ಚೀನಾದ ಆಟಗಾರರು ಕೆಟ್ಟ ವಿಮರ್ಶೆಗಳ ಮಳೆ ಸುರಿಸಿದರು. ಕೆಲವೇ ದಿನಗಳಲ್ಲಿ ಸ್ಟುಡಿಯೋ ಆಟವನ್ನೇ ಹಿಂತೆಗೆದುಕೊಂಡಿತು. ಚೀನಾದಲ್ಲಿದ್ದ ಆಟದ ಪ್ರಕಾಶಕ ಸಂಸ್ಥೆ ಇಂಡಿವೆಂಟ್‌ನ ವ್ಯಾಪಾರ ಪರವಾನಗಿಯೇ ರದ್ದಾಯಿತು. ಅಂದರೆ ಚೀನಾವನ್ನು ಕೆಣಕುವ ಭಯ ಸುಳ್ಳಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

2020ರ ಡಿಸೆಂಬರ್ 16ರಂದು ರೆಡ್ ಕ್ಯಾಂಡಲ್ ಖುಷಿಯ ಸುದ್ದಿ ಕೊಟ್ಟಿತು: ಡಿಸೆಂಬರ್ 18ಕ್ಕೆ ಡಿವೋಷನ್ ಗಾಗ್‌ನಲ್ಲಿ. ಕೆಲವು ಗಂಟೆಗಳಲ್ಲೇ ಗಾಗ್ ಟ್ವಿಟರ್‌ನಲ್ಲಿ ಬೇರೆಯದನ್ನೇ ಹೇಳಿತು. ಆಟಗಾರರಿಂದ ಅನೇಕ ಸಂದೇಶಗಳು ಬಂದದ್ದರಿಂದ ಈ ಆಟವನ್ನು ಅಂಗಡಿಯಲ್ಲಿ ಇಡುವುದಿಲ್ಲವಂತೆ.

ನನ್ನ ಸಿಟ್ಟೆಲ್ಲ ಈ ಸಂದೇಶಗಳ ಮೇಲೆ. ಯಾವ ಆಟಗಾರರು? ನಾನೂ ಅವರ ಗಿರಾಕಿಯೇ, ನನ್ನನ್ನು ಯಾರೂ ಕೇಳಲಿಲ್ಲ. ಗಾಗ್ ಆಗ ಸಿಡಿ ಪ್ರಾಜೆಕ್ಟ್ ಕಂಪನಿಯದು. ಆ ಕಂಪನಿಯ ‘ಸೈಬರ್‌ಪಂಕ್ 2077’ ಮಾರುಕಟ್ಟೆಗೆ ಬಂದು ಆರು ದಿನವಾಗಿತ್ತು, ಹಳೆಯ ಕನ್ಸೋಲ್‌ಗಳಲ್ಲಿ ಅದು ಮುಗ್ಗರಿಸುತ್ತಿತ್ತು, ಅದೇ ವಾರ ಸೋನಿ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಅದನ್ನು ತೆಗೆದುಹಾಕಿತು. ಇಂಥ ಹೊತ್ತಿನಲ್ಲಿ ಚೀನಾದ ಮಾರುಕಟ್ಟೆಯನ್ನೂ ಎದುರು ಹಾಕಿಕೊಳ್ಳಲು ಯಾವ ವ್ಯಾಪಾರಿಗೆ ಮನಸ್ಸು ಬಂದೀತು? ಇದು ನನ್ನ ಊಹೆ, ಕಂಪನಿ ಹೇಳಿದ್ದಲ್ಲ. ಲಾಭಕ್ಕಾಗಿ ಅಂಗಡಿ ಇಟ್ಟವರು ನಷ್ಟಕ್ಕೆ ಹೆದರುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಅಡಿಕೆ ಮಾರುವ ನಮ್ಮ ಮಂಡಿಯಲ್ಲೂ ಧೈರ್ಯ ಯಾರೂ ಪುಕ್ಕಟೆ ಮಾರುವುದಿಲ್ಲ. ಆದರೆ ಆ ಹೆದರಿಕೆಯನ್ನು ಗಿರಾಕಿಗಳ ತಲೆಗೆ ಕಟ್ಟಿದ್ದು ಹೇಸಿಗೆ. ಗಾಗ್ ಬೇಡವೆಂದ ಈ ಆಟ ಸಂಗ್ರಹಕ್ಕೆ ಯೋಗ್ಯವೆನಿಸಿ, ಅಷ್ಟು ಹೊತ್ತಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹಾರ್ವರ್ಡ್-ಯೆನ್‌ಚಿಂಗ್ ಗ್ರಂಥಾಲಯ ಈ ಆಟದ ಪ್ರತಿಯನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗಿತ್ತು.

ಆ ವರ್ಷದ ಚಳಿಗಾಲದ ಸೇಲ್‌ನಲ್ಲಿ ನಾನು ಏನೂ ಕೊಳ್ಳಲಿಲ್ಲ. ಅವರಿಗೆ ಅದು ತಿಳಿದಿರಲಿಕ್ಕೂ ಇಲ್ಲ, ಮುನ್ನೂರು ರೂಪಾಯಿಯ ಬಹಿಷ್ಕಾರ ಯಾರಿಗೆ ತಾಗುತ್ತದೆ!

ಸಿಟ್ಟು ಸ್ವಲ್ಪ ಇಳಿದದ್ದು 2025ರಲ್ಲಿ. ಜುಲೈಯಲ್ಲಿ ಕಾರ್ಡ್ ಪಾವತಿ ಕಂಪನಿಗಳ ಒತ್ತಡಕ್ಕೆ ಸ್ಟೀಮ್ ವಯಸ್ಕರ ಅನೇಕ ಆಟಗಳನ್ನು ಕಿತ್ತುಹಾಕಿತು, ಸಣ್ಣ ತಯಾರಕರ ಆಟಗಳ ಅಂಗಡಿ ಇಚ್ ಅಂಥವನ್ನು ಹುಡುಕಾಟದಿಂದಲೇ ಮರೆಮಾಡಿತು. ಆ ಜಾತಿಯ ಆಟಗಳು ನನಗೆ ಬೇಡ. ಆದರೆ ಕಾನೂನು ಒಪ್ಪಿದ್ದನ್ನು ಕಾರ್ಡ್ ಕಂಪನಿ ಒಪ್ಪದಿದ್ದರೆ ಕೊಳ್ಳಲಾಗದು ಎಂಬುದು ಯಾವ ನ್ಯಾಯ? ಆಗಸ್ಟ್‌ನಲ್ಲಿ ಗಾಗ್ ಕೊಳ್ಳುವ ಸ್ವಾತಂತ್ರ್ಯದ ಹೆಸರಿನಲ್ಲಿ ಅಂಥ 13 ಆಟಗಳನ್ನು ಎರಡು ದಿನ ಪುಕ್ಕಟೆ ಹಂಚಿತು. ಭೇಷ್ ಎಂದೆ. ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದೆ. ಡಿವೋಷನ್ ಇರಲಿಲ್ಲ. ಕಾರ್ಡ್ ಕಂಪನಿಯನ್ನು ಬೈದರೆ ಅಂಗಡಿಗೆ ಹೆಸರು ಬರುತ್ತದೆ, ಬೀಜಿಂಗ್ ಅನ್ನು ಕೆಣಕಿದರೆ ಬಾಗಿಲು ಮುಚ್ಚುತ್ತದೆ. ಯಾರ ಮುಂದೆ ಎಷ್ಟು ಗಂಟಲು ತೆರೆಯಬೇಕೆಂಬ ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತದೆ.

ಡಿವೋಷನ್ ಬೇಕಾದವರಿಗೆ ದಾರಿ ಇದೆ. 2021ರ ಮಾರ್ಚ್‌ನಿಂದ ರೆಡ್ ಕ್ಯಾಂಡಲ್ ತನ್ನದೇ ಆನ್‌ಲೈನ್ ಅಂಗಡಿ ತೆರೆದು, ಯಾವ ಬೀಗವೂ ಇಲ್ಲದೆ ಅದನ್ನು ಮಾರುತ್ತಿದೆ. ನನ್ನ ಮುನ್ನೂರರ ನಿಯಮ ಮುರಿದು ಡಾಲರ್ ಬೆಲೆ ಕೊಟ್ಟು ಅಲ್ಲಿಂದಲೇ ತರಿಸಿಕೊಂಡೆ. ಇನ್‌ಸ್ಟಾಲರ್ ಹಾರ್ಡ್ ಡಿಸ್ಕಿನಲ್ಲಿದೆ. ಹಾಗೆ ಸ್ವಂತ ಅಂಗಡಿ ಇರುವ ಸ್ಟುಡಿಯೋಗಳ ಆಟವನ್ನು ಈಗ ನೇರವಾಗಿ ಅವರಿಂದಲೇ ಕೊಳ್ಳುತ್ತೇನೆ, ಹಳೆಯ ಆಟಗಳಿಗೆ ಮಾತ್ರ ಗಾಗ್.

ಗಾಗ್‌ಗೆ ಹೊಸಬರಾದರೆ ಅದೇ ಸ್ಟುಡಿಯೋದ ಮೊದಲ ಆಟ ‘ಡಿಟೆನ್ಷನ್’ನಿಂದ ಶುರು ಮಾಡಿ. 1960ರ ದಶಕದ ತೈವಾನಿನಲ್ಲಿ, ಸೇನಾಡಳಿತದ ಕಾಲದಲ್ಲಿ, ನಿಷೇಧಿತ ಪುಸ್ತಕಗಳನ್ನು ಗುಟ್ಟಾಗಿ ಓದುತ್ತಿದ್ದ ಶಾಲಾ ಮಕ್ಕಳ ಕಥೆ. ಅದನ್ನು ಗಾಗ್ ಮಾರುತ್ತದೆ. ಸೇಲ್‌ವರೆಗೆ ಕಾಯಿರಿ, ಹಳೆಯ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ.