ಟರ್ಕಿ ಹುಂಜವನ್ನು ಕರೆಯುವ ಮೂರು ಸಾಧನಗಳು: ಇಬ್ಬರು ಹೋದಾಗ ಯಾವುದು ಮೇಲು?

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಕಾಡುಟರ್ಕಿಯ ವಸಂತಕಾಲದ ಬೇಟೆ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಆರಂಭವಾಗಿ ಮೂರು ವಾರ ನಡೆಯುತ್ತದೆ. ಆಗ ಹೊಡೆಯಬಹುದಾದದ್ದು ಹುಂಜವನ್ನು, ಇಲ್ಲವೇ ಎದೆಯ ಮೇಲೆ ಗಡ್ಡದಂತಹ ಗರಿಗುಚ್ಛ ಕಾಣುವ ಹಕ್ಕಿಯನ್ನು ಮಾತ್ರ. ಹಕ್ಕಿಯ ಬೆನ್ನು ಹತ್ತಿ ಕಾಡು ಸುತ್ತುವವರು ಸಾಮಾನ್ಯವಾಗಿ ಬರಿಗೈಯಲ್ಲಿ ಮನೆಗೆ ಬರುತ್ತಾರೆ. ಬೆಳಕು ಹರಿಯುವ ಮುನ್ನ ದಪ್ಪ ಮರಕ್ಕೆ ಬೆನ್ನು ಕೊಟ್ಟು ಕುಳಿತು, ಹೇಂಟೆಯ ದನಿ ಹೊರಡಿಸಿ, ಹುಂಜ ತಾನಾಗಿ ನಡೆದು ಬರುವಂತೆ ಮಾಡಬೇಕು. ಧ್ವನಿಮುದ್ರಿಕೆಯನ್ನು ಯಂತ್ರದಿಂದ ನುಡಿಸುವುದು ಕಾನೂನುಬಾಹಿರ. ಹಾಗಾಗಿ ಕೈಯಿಂದಲೋ ಬಾಯಿಂದಲೋ ಆ ದನಿ ಹುಟ್ಟಬೇಕು. ಬಾಕ್ಸ್ ಕಾಲ್, ಸ್ಲೇಟ್ ಕಾಲ್, ಬಾಯೊಳಗೆ ಇಟ್ಟುಕೊಳ್ಳುವ ಡಯಾಫ್ರಮ್ ಕಾಲ್: ಈ ಮೂರನ್ನೂ ಒಬ್ಬನೇ ಹೋದಾಗಲೂ ಗೆಳೆಯನೊಂದಿಗೆ ಹೋದಾಗಲೂ ಬಳಸಿದ್ದೇನೆ.

ಗೆಳೆಯ ಇಲ್ಲಿಯವನೇ, ನನ್ನ ಸಹೋದ್ಯೋಗಿ. ಓಝಾರ್ಕ್ ಗುಡ್ಡಗಳಲ್ಲಿ ಬೆಳೆದವನು. ಅವನ ಅಜ್ಜನ ಯೌವನದಲ್ಲಿ ಮಿಸೌರಿಯಲ್ಲಿ ಟರ್ಕಿ ಬಹುಪಾಲು ಅಳಿದು ಬೇಟೆಯೇ ನಿಂತುಹೋಗಿತ್ತು. ಉಳಿದ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು, ಬೇರೆ ಬೇರೆ ಕಾಡುಗಳಲ್ಲಿ ಬಿಟ್ಟು ಬೆಳೆಸಿದ ಮೇಲೆ 1960ರಲ್ಲಿ ಮತ್ತೆ ವಸಂತದ ಬೇಟೆ ತೆರೆಯಿತು. ಕೋವಿಯನ್ನು ಬೆಳೆ ಕಾಯುವ ಸಾಧನವೆಂದಷ್ಟೇ ಕಂಡಿದ್ದ ಮಲೆನಾಡಿನ ನನಗೆ, 1972ರ ವನ್ಯಜೀವಿ ಕಾಯ್ದೆಯ ನೆರಳಿನಲ್ಲಿ ಬೆಳೆದ ನನಗೆ, ಪರವಾನಗಿಯ ದುಡ್ಡಿನಿಂದಲೇ ಹಕ್ಕಿಯನ್ನು ಸಾಕುವ ಈ ಏರ್ಪಾಡು ಒಪ್ಪಿಗೆಯಾಗಲು ಸಮಯ ಹಿಡಿಯಿತು. (ಉದ್ಯೋಗ ವೀಸಾದಲ್ಲಿ ಇರುವವರಿಗೆ ಒಂದು ಮಾತು: ನಿಮ್ಮಂಥವರು ಕೋವಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಅದು ಕೈಗೆ ಬರುವ ತನಕ ಗೆಳೆಯನ ಕೋವಿಯನ್ನೂ ಮುಟ್ಟಬೇಡಿ.)

ಮೊದಲು ಬಾಕ್ಸ್. ಪಕ್ಕದ ಆರ್ಕನ್ಸಾ ರಾಜ್ಯದ ಹೆನ್ರಿ ಗಿಬ್ಸನ್ 1897ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ತೆಳ್ಳನೆಯ ಗೋಡೆಗಳ ಉದ್ದನೆಯ ಮರದ ಪೆಟ್ಟಿಗೆ, ಒಂದು ತುದಿಯಲ್ಲಿ ತಿರುಪಿನಿಂದ ಕೂಡಿಸಿದ ಮುಚ್ಚಳ, ಅಷ್ಟೇ. ಮುಚ್ಚಳದ ಅಡಿಗೆ ಸುಣ್ಣದ ಕಡ್ಡಿ ಸವರಿ ಗೋಡೆಯ ಅಂಚಿನ ಮೇಲೆ ನಯವಾಗಿ ಎಳೆದರೆ ಹೇಂಟೆಯ ಕರೆ ಹೊರಡುತ್ತದೆ. ಹತ್ತು ನಿಮಿಷ ಕೈಯಲ್ಲಿ ಹಿಡಿದವರಿಗೂ ಒಲಿಯುವ ಸಾಧನ ಇದು. ಗಾಳಿ ಬೀಸುವ ದಿನ ಕಣಿವೆಯ ಆಚೆ ಬದಿಯ ಹುಂಜಕ್ಕೆ ಕೇಳಿಸಬೇಕೆಂದರೆ ಇದರ ಸಮಕ್ಕೆ ಬೇರೊಂದಿಲ್ಲ. ಆದರೆ ಇಬ್ಬನಿ ತಾಗಿದರೂ ಮುನಿಸಿಕೊಳ್ಳುತ್ತದೆ, ಮಳೆಯಲ್ಲಂತೂ ಮೂಕ. ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ನುಡಿಸುವವರಿದ್ದಾರೆ. ದನಿ ಬರುತ್ತದೆ, ಖುಷಿ ಬರುವುದಿಲ್ಲ. ನಡೆಯುವಾಗ ಜೇಬಿನಲ್ಲಿ ತಾನಾಗಿ ಕಿರುಗುಟ್ಟುತ್ತದೆ, ಆದ್ದರಿಂದ ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಬಟ್ಟೆಯ ಚೂರು ಇಡಬೇಕು. ರಬ್ಬರ್ ಬ್ಯಾಂಡ್ ಸುತ್ತಿ ಅಲುಗಾಡಿಸಿದರೆ ಹುಂಜದ ಗಳಗಳ ಕೂಗೂ ಬರುತ್ತದೆ. ಸಾರ್ವಜನಿಕ ಕಾಡಿನಲ್ಲಿ ಅದನ್ನು ಮಾಡಲೇಬೇಡಿ. ಆ ಕೂಗಿಗೆ ಹುಂಜ ಬಾರದಿದ್ದರೂ ಮತ್ತೊಬ್ಬ ಬೇಟೆಗಾರ ಬರುತ್ತಾನೆ, ಕೋವಿ ಹಿಡಿದುಕೊಂಡು.

ಡಯಾಫ್ರಮ್ ಕಾಲ್ ಕುದುರೆ ಲಾಳದ ಆಕಾರದ ಪುಟ್ಟ ಚೌಕಟ್ಟು. ಅದರ ನಡುವೆ ಬಿಗಿದ ತೆಳ್ಳನೆಯ ಲೇಟೆಕ್ಸ್ ಪೊರೆ, ಸುತ್ತ ಟೇಪು. ಅಂಗುಳಕ್ಕೆ ಒತ್ತಿ ಹಿಡಿದು, ನಾಲಗೆಯ ಒತ್ತಡ ಬದಲಿಸುತ್ತ ಉಸಿರು ಬಿಡಬೇಕು. ಅಂಗಡಿಯವರನ್ನು ಕೇಳಿ, ಗೆಳೆಯನನ್ನು ಕೇಳಿ, ಎಲ್ಲರ ಪಟ್ಟಿಯಲ್ಲೂ ಇದಕ್ಕೇ ಮೊದಲ ಸ್ಥಾನ. ಕಾರಣವೂ ನ್ಯಾಯವಾದದ್ದೇ. ಟರ್ಕಿಯ ಕಣ್ಣು ಬಹಳ ಚುರುಕು. ನಲವತ್ತು ಗಜದ ಒಳಗೆ ಬಂದ ಹುಂಜ ಬೆರಳು ಅಲುಗಿದರೂ ಗುರುತಿಸಿ ಮಾಯವಾಗುತ್ತದೆ. ಮೊಣಕಾಲ ಮೇಲೆ ಕೋವಿ ಊರಿ, ಕೆನ್ನೆ ಒತ್ತಿ ಕುಳಿತವನಿಗೆ ಕೈಗಳು ಬಿಡುವಿಲ್ಲ. ಆ ಹೊತ್ತಿನಲ್ಲಿ ಬಾಯಿ ಮಾತ್ರ ಕೆಲಸಕ್ಕೆ ಬರುತ್ತದೆ. ಬೆಲೆ ಹತ್ತು ಡಾಲರಿನ ಆಸುಪಾಸು, ಮಳೆಯ ಭಯವಿಲ್ಲ.

ಕಲಿಯುವುದು ಮಾತ್ರ ಶಿಕ್ಷೆ. ಆರಂಭದಲ್ಲಿ ವಾಕರಿಕೆ, ಜೊಲ್ಲು, ಆಮೇಲೆ ವಾರಗಟ್ಟಲೆ ಬಾತುಕೋಳಿಯ ಗಂಟಲು ಕಟ್ಟಿದಂತಹ ಸದ್ದು. ನಾನು ಕಾರಿನಲ್ಲಿ ಕಚೇರಿಗೆ ಹೋಗುವಾಗ ಅಭ್ಯಾಸ ಮಾಡಿದೆ; ಮನೆಯಲ್ಲಿ ಅನುಮತಿ ಸಿಗಲಿಲ್ಲ. ಜೋರಾದ, ರೇಗಿದ ಹೇಂಟೆಯ ಕಟಕಟ ಕರೆ ಕೊನೆಗೂ ಒಲಿಯಿತು. ತೃಪ್ತಿಯಾಗಿ ಮೇಯುತ್ತಿರುವ ಹೇಂಟೆಯ ಮೆಲ್ಲನೆಯ ಗುರುಗುರು ಇದೆಯಲ್ಲ, ಅದು ಇಂದಿಗೂ ನನ್ನ ಬಾಯಿಗೆ ನಿಲುಕಿಲ್ಲ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಪೊರೆ ಹಾಳಾಗುತ್ತದೆ. ಪದರಗಳ ನಡುವೆ ಹಲ್ಲುಕಡ್ಡಿಯ ಚೂರಿಟ್ಟು ಫ್ರಿಜ್‌ನಲ್ಲಿ ಇಡುವುದು ರೂಢಿ.

ಸ್ಲೇಟ್ ಕಾಲ್ ಎಂದರೆ ಅಂಗೈಯಗಲದ ದುಂಡನೆಯ ಬಟ್ಟಲು, ಅದರ ಮುಖಕ್ಕೆ ಕಲ್ಲಿನ, ಗಾಜಿನ ಅಥವಾ ಅಲ್ಯೂಮಿನಿಯಂ ಬಿಲ್ಲೆ, ತೀಡಲು ಒಂದು ಮರದ ಕಡ್ಡಿ. ನಮ್ಮ ಪ್ರಾಥಮಿಕ ಶಾಲೆಯಲ್ಲಿ ಬಳಪವನ್ನು ನೆಟ್ಟಗೆ ಹಿಡಿದು ಸ್ಲೇಟಿನ ಮೇಲೆ ಎಳೆದರೆ ಮೇಷ್ಟ್ರು ಹಲ್ಲು ಕಡಿಯುವಂತೆ ಮಾಡುತ್ತಿದ್ದ ಕಿರ್ರೆನ್ನುವ ಸದ್ದಿನ ಪಳಗಿದ ರೂಪ ಇದು. ಕಡ್ಡಿಯನ್ನು ಪೆನ್ನಿನಂತೆ ಹಿಡಿದು, ಮೇಲೆತ್ತದೆ, ನಾಣ್ಯದಗಲದ ಸುತ್ತು ಹಾಕಿದರೆ ಹೇಂಟೆಯ ಕರೆ. ಸಣ್ಣಗೆ ಚಿಮ್ಮಿಸಿದರೆ ‘ಕೊಕ್’. ಹಗುರವಾಗಿ ಗೆರೆ ಎಳೆದರೆ ನನ್ನ ಬಾಯಿಗೆ ಬಾರದ ಆ ಗುರುಗುರು. ಅಂಚಿಗೆ ಸರಿದರೆ ದನಿ ಏರುತ್ತದೆ, ನಡುವಿಗೆ ಬಂದರೆ ಇಳಿಯುತ್ತದೆ. ಹಿಕರಿ ಮರದ ಕಡ್ಡಿ ಬಿಟ್ಟು ಇನ್ನೊಂದನ್ನು ಹಿಡಿದರೆ ಬೇರೊಂದು ಹೇಂಟೆ ಬಂದಂತೆ ಕೇಳುತ್ತದೆ. ಕಲ್ಲನ್ನು ಆಗಾಗ ಮರಳುಕಾಗದದಿಂದ ಉಜ್ಜಿ ಒರಟು ಮಾಡಬೇಕು, ಬೆರಳ ಜಿಡ್ಡು ತಾಗಿಸಬಾರದು. ಒದ್ದೆಯಾದ ಕಲ್ಲು ಜಾರುತ್ತದೆ. ಮಳೆಯ ದಿನ ಗಾಜಿನ ಬಿಲ್ಲೆಗೆ ಕಾರ್ಬನ್ ಕಡ್ಡಿ ಜೋಡಿ. ಇದರ ದೊಡ್ಡ ದೋಷವೆಂದು ಎಲ್ಲರೂ ಹೇಳುವುದು ಒಂದೇ: ಎರಡು ಕೈ ಬೇಕು.

ಈ ದೋಷ ಒಬ್ಬಂಟಿ ಬೇಟೆಗಾರನದು. ಇಬ್ಬರು ಹೋದಾಗ ಕರೆಯುವವನ ಕೈಯಲ್ಲಿ ಕೋವಿಯೇ ಇರುವುದಿಲ್ಲ.

ಟರ್ಕಿಗಳ ಪ್ರಕೃತಿಯಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದರ ಬಳಿಗೆ ಹೋಗುತ್ತದೆ. ನಾವು ಕೇಳುತ್ತಿರುವುದು ಅದಕ್ಕೆ ತಿರುಗುಮುರುಗು. ಹಾಗಾಗಿ ಎಷ್ಟೋ ಹುಂಜಗಳು ದನಿ ಹಿಡಿದು ಬಂದು, ಅರವತ್ತು ಎಪ್ಪತ್ತು ಗಜದ ದೂರದಲ್ಲಿ ನಿಂತು, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಇನ್ನು ನೀನೇ ಬಾ ಎಂಬಂತೆ ಬೀಗುತ್ತವೆ. ಒಬ್ಬನೇ ಇದ್ದರೆ ಅಲ್ಲಿಗೆ ಆಟ ಮುಗಿಯಿತು. ಶಾಟ್‌ಗನ್ನಿನ ಚರೆಗೆ ಭರವಸೆಯ ದೂರ ನಲವತ್ತು ಗಜ. ಕರೆಯುವವನು ಕೋವಿಯವನಿಗಿಂತ ಮೂವತ್ತು ಗಜ ಹಿಂದೆ ಕುಳಿತರೆ, ಹುಂಜ ಕರೆಗೆ ದೂರವಾಗಿಯೂ ಕೋವಿಗೆ ಹತ್ತಿರವಾಗಿಯೂ ನಿಲ್ಲುತ್ತದೆ. ಅದರ ಗಮನವೆಲ್ಲ ಹಿಂದಿನ ದನಿಯ ಮೇಲೆ, ಮುಂದೆ ಕುಳಿತವನ ಮೇಲಲ್ಲ.

ಗೆಳೆಯ ಬಾಯಿಯಿಂದ ಕರೆದಾಗ ಹುಂಜಗಳು ಜೋರಾಗಿ ಉತ್ತರಿಸಿದವು, ಬೇಗ ಹೊರಟವು, ಹಾಗೆಯೇ ದಿಬ್ಬದ ಆಚೆ ನಿಂತು ಕೂಗುತ್ತಲೇ ಉಳಿದವು. ನಾನು ಅವನ ಹಿಂದೆ ದಪ್ಪ ಓಕ್ ಮರದ ಮರೆಯಲ್ಲಿ ಸ್ಲೇಟ್ ತೀಡಿದಾಗ ಉತ್ತರ ಕಡಿಮೆ, ನಡಿಗೆ ಹೆಚ್ಚು. ಗುರುಗುರು, ಒಂದು ‘ಕೊಕ್’, ನಡುನಡುವೆ ಕೈಯಿಂದ ಒಣಗಿದ ಎಲೆ ಕೆದಕುವುದು. ಆಮೇಲೆ ಪಕ್ಕಕ್ಕೆ ಮುಖ ತಿರುಗಿಸಿ ಮತ್ತೂ ಮೆಲ್ಲಗೆ, ಹೇಂಟೆ ದೂರ ಸರಿಯುತ್ತಿರುವಂತೆ. ಸದ್ದಿಲ್ಲದೆ ಬಂದ ಹುಂಜದ ಎದೆಯ ಗುಂಯ್‌ಕಾರ ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಿಳಿಯುತ್ತದೆ. “ನಿನ್ನ ಕೈಗೆ ಬಂದದ್ದು ನನ್ನ ಬಾಯಿಗೆ ಬರುವುದಿಲ್ಲ ಮಾರಾಯ” ಎಂಬರ್ಥದ ಮಾತು ಗೆಳೆಯನಿಂದಲೇ ಬಂತು. ಬಾಯಿ ಕರೆಯನ್ನು ಅವನು ಬಿಟ್ಟಿಲ್ಲ, ಅದು ಬೇರೆ ವಿಷಯ.

ಇಬ್ಬರ ಬೇಟೆಯ ಅಪಾಯವನ್ನೂ ಹೇಳಬೇಕು. ಯಾರು ಎಲ್ಲಿ ಕೂರುತ್ತಾರೆ, ಕೋವಿ ಯಾವ ದಿಕ್ಕಿಗೆ ಮಾತ್ರ ತಿರುಗಬಹುದು ಎಂಬುದು ಬೆಳಕಿಗೆ ಮುಂಚೆ ತೀರ್ಮಾನವಾಗಬೇಕು. ಹೇಳದೆ ಯಾರೂ ಜಾಗ ಬಿಡಬಾರದು. ಹುಂಜದ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಇರುವುದರಿಂದ ಕರವಸ್ತ್ರದಲ್ಲೂ ಆ ಬಣ್ಣಗಳು ಬೇಡ. ಅಪರಿಚಿತ ಬೇಟೆಗಾರ ಕಂಡರೆ ಕೈ ಬೀಸದೆ ಮನುಷ್ಯರ ದನಿಯಲ್ಲಿ ಗಟ್ಟಿಯಾಗಿ ಮಾತಾಡಿ.

ಒಂದನ್ನೇ ಕೊಳ್ಳುವ ದುಡ್ಡಿದ್ದು ಜೊತೆಗೊಬ್ಬ ಗೆಳೆಯನಿದ್ದರೆ ಸ್ಲೇಟ್ ತೆಗೆದುಕೊಳ್ಳಿ, ಇಪ್ಪತ್ತೈದು ಮೂವತ್ತು ಡಾಲರಿಗೆ ಒಳ್ಳೆಯದೇ ಸಿಗುತ್ತದೆ. ಒಬ್ಬರೇ ಹೋಗುವವರು ವಾಕರಿಕೆ ಸಹಿಸಿಕೊಂಡು ಬಾಯಿ ಕರೆಯನ್ನೇ ಕಲಿಯಬೇಕು, ಬೇರೆ ದಾರಿಯಿಲ್ಲ. ಬಾಕ್ಸನ್ನು ನಾನು ಗಾಳಿಯ ದಿನಗಳಲ್ಲಿ ಮಾತ್ರ ಚೀಲಕ್ಕೆ ಹಾಕುತ್ತೇನೆ. ಉಳಿದ ದಿನ ಅದು ಮನೆಯಲ್ಲಿರುತ್ತದೆ, ಮಗಳು ನುಡಿಸುತ್ತಾಳೆ, ನನಗಿಂತ ಚೆನ್ನಾಗಿ.