ಲಿಗ್ನಿನ್ ಅಳೆಯೋಕೆ ಪಿಂಗಾಣಿ ಫಿಲ್ಟರ್ ಕ್ರೂಸಿಬಲ್: ವರ್ಷಗಟ್ಟಲೆ ಬಳಸಿದ ಮೇಲೆ

ತಳದಲ್ಲಿ ಸಣ್ಣ ರಂಧ್ರಗಳಿರೋ, ಬಿಸಿ ತಡೆಯೋ ಈ ಸೋಸುವ ಬಟ್ಟಲಿಗೆ 5ಕ್ಕೆ 4 ಕೊಡ್ತೀನಿ. ಕ್ಲಾಸನ್ ವಿಧಾನದಲ್ಲಿ (ಆಸಿಡ್ ಹಾಕಿ, ಕರಗದೆ ಉಳಿದದ್ದನ್ನು ತೂಗೋದು) ಲಿಗ್ನಿನ್, ಅಂದರೆ ಗಿಡಮರಗಳಿಗೆ ಗಟ್ಟಿತನ ಕೊಡೋ ವಸ್ತುವನ್ನು ಅಳೆಯುವವರು ಕಣ್ಣು ಮುಚ್ಚಿ ತಗೊಳ್ಳಿ, ಆದರೆ ತೊಳೆಯುವ ತಾಳ್ಮೆ ಇರಬೇಕು.

ಇದೇ ಯಾಕೆ ಬೇಕು ಅಂದರೆ, ಮರದ್ದೋ ಹುಲ್ಲಿನದ್ದೋ 300 ಮಿಲಿಗ್ರಾಂ ಪುಡಿಯನ್ನು ಶೇ. 72ರ ಸಲ್ಫ್ಯೂರಿಕ್ ಆಸಿಡ್‌ನಲ್ಲಿ 30 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ, ನೀರು ಬೆರೆಸಿ ಆಸಿಡನ್ನು ಶೇ. 4ಕ್ಕೆ ಇಳಿಸಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ಬಿಸಿ ಮಾಡೋ ಪಾತ್ರೆ) 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಇಟ್ಟರೆ ಸೆಲ್ಯುಲೋಸ್ ಸಕ್ಕರೆಯಾಗಿ ಕರಗಿಹೋಗುತ್ತದೆ. ತಳದಲ್ಲಿ ಕಂದು ಚರಟ ಉಳಿಯುತ್ತದೆ. ಅದರಲ್ಲಿ ಲಿಗ್ನಿನ್ ಇರುತ್ತದೆ, ಬೂದಿಯೂ ಇರುತ್ತದೆ. ಈ ಕ್ರೂಸಿಬಲ್‌ನಲ್ಲಿ ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ಹಾಗೇ ತುಂಬಾ ಬಿಸಿ ಏರೋ ಕುಲುಮೆಯಾದ ಮಫಲ್ ಫರ್ನೇಸ್‌ಗೆ ಹಾಕಿ 575 ಡಿಗ್ರಿಯಲ್ಲಿ ಸುಡಬಹುದು. ಉಳಿದ ಬೂದಿಯ ತೂಕ ಕಳೆದರೆ ಮುಗೀತು. ಗಾಜಿನ ಸಿಂಟರ್ಡ್ ಕ್ರೂಸಿಬಲ್ (ತಳದಲ್ಲಿ ಗಾಜಿನ ಪುಡಿ ಬೆಸೆದ ಬಟ್ಟಲು) ಅಷ್ಟು ಬಿಸಿ ತಡೆಯಲ್ಲ, ಚರಟ ಕೆರೆದು ಬೇರೆ ಕಡೆ ಹಾಕಬೇಕಾಗುತ್ತದೆ. 60 ಮಿಲಿಗ್ರಾಂ ಚರಟದಲ್ಲಿ ಬರೀ 3 ಮಿಲಿಗ್ರಾಂ ಅಂಟಿಕೊಂಡು ಉಳಿದರೂ ಶೇ. 20 ಬರಬೇಕಾದ್ದು 19 ಆಗಿಬಿಡುತ್ತದೆ.

ತೊಂದರೆ ಇರೋದು ರಂಧ್ರ ಕಟ್ಟಿಕೊಳ್ಳುವುದರಲ್ಲಿ. ಮರದ ಪುಡಿ ಸರಾಗವಾಗಿ ಇಳಿಯುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಸುಟ್ಟರೂ ಹೋಗಲ್ಲ, ತಳದಲ್ಲಿ ಬೆಳ್ಳಗೆ ಕೂತುಬಿಡುತ್ತದೆ. ನಾನು ಪ್ರತಿ ಸಲ ಖಾಲಿ ಕ್ರೂಸಿಬಲ್‌ಗೆ ನೀರು ಹಾಕಿ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ನೋಡುತ್ತೇನೆ. ಬೇರೆಯವಕ್ಕಿಂತ ನಿಧಾನ ಆದದ್ದನ್ನು ಪಕ್ಕಕ್ಕೆ ಇಡುತ್ತೇನೆ. ಪುಡಿ ತೀರಾ ನುಣ್ಣಗಾದರೂ ಸೋಸೋದು ನಿಲ್ಲುತ್ತದೆ, ಜರಡಿ ಹಿಡಿಯೋದು ಬಿಡಬೇಡಿ.

ಬಿಸಿಯನ್ನು ನಿಧಾನಕ್ಕೆ ಏರಿಸಿ, ಫರ್ನೇಸ್ ತಣಿದ ಮೇಲೇ ತೆಗೀರಿ. ದಿಢೀರ್ ಅಂತ ತೆಗೆದರೆ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಅದು ಕಣ್ಣಿಗೆ ಕಾಣಲ್ಲ, ತಕ್ಕಡಿಯಲ್ಲಿ ಗೊತ್ತಾಗುತ್ತದೆ.

ಕ್ರೂಸಿಬಲ್ ಎಷ್ಟೇ ಚೆನ್ನಾಗಿರಲಿ, ಪೂರ್ತಿ ಲಿಗ್ನಿನ್ ಇದರಲ್ಲೇ ಸಿಗುತ್ತದೆ ಅಂದುಕೊಳ್ಳಬೇಡಿ. ಒಂದು ಪಾಲು ಆಸಿಡ್‌ನಲ್ಲೇ ಕರಗಿರುತ್ತದೆ, ಹುಲ್ಲಿನಲ್ಲಂತೂ ಇದನ್ನು ಬಿಡೋ ಹಾಗೇ ಇಲ್ಲ. ಸೋಸಿದ ನೀರನ್ನು ಚೆಲ್ಲದೆ 6 ಗಂಟೆಯೊಳಗೆ ಯುವಿಯಲ್ಲಿ ಓದಿ, ಅಂದರೆ ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯಿರಿ. 280 ನ್ಯಾನೋಮೀಟರ್ ತರಂಗಾಂತರ ಬೇಡ, ಸಕ್ಕರೆಯಿಂದ ಹುಟ್ಟುವ ಫರ್ಫ್ಯೂರಲ್ ಅಲ್ಲೇ ಅಡ್ಡ ಬರುತ್ತದೆ. ಪ್ರೋಟೀನ್ ಜಾಸ್ತಿ ಇರೋ ಎಲೆಗಳಲ್ಲಿ ಚರಟದ ತೂಕ ಸುಮ್ನೆ ಏರುತ್ತದೆ, ಅದಕ್ಕೆ ಕ್ರೂಸಿಬಲ್ ಅನ್ನು ಬೈಯಬೇಡಿ. ಅಸಿಟೈಲ್ ಬ್ರೋಮೈಡ್ ವಿಧಾನ ಮಾಡುವವರಿಗೆ ಇದು ಬೇಕಾಗಲ್ಲ, ಅಲ್ಲಿ ಲಿಗ್ನಿನ್ನನ್ನೇ ಕರಗಿಸಿ ಓದುತ್ತಾರೆ.