ಬಸವನಗುಡಿಯ ಭಾನುವಾರದ ಎಂಎ ಕನ್ನಡ ಕ್ಲಾಸ್: ಹೋಲಿಕೆ ಪ್ರಶ್ನೆ ಕಷ್ಟ ಅನ್ನುವವರಿಗೆ

ಗಾಂಧಿಬಜಾರ್ ಹತ್ತಿರ ಭಾನುವಾರ ನಡೆಯುವ ಎಂಎ ಕನ್ನಡ ಕ್ಲಾಸ್ ಹೇಗಿದೆ ಅಂತ ತುಂಬಾ ಜನ ಕೇಳುತ್ತಾರೆ. ಎರಡು ಕೃತಿಗಳನ್ನು ಹೋಲಿಸಿ ಅನ್ನುವ ಪ್ರಶ್ನೆ ಕಂಡರೆ ಕೈ ನಡುಗುವವರು ಕಣ್ಣು ಮುಚ್ಚಿ ಸೇರಿಕೊಳ್ಳಿ.

ಮೇಡಂ ಮೊದಲು ತೆಗೆದುಕೊಂಡಿದ್ದು 'ಇಂದಿರಾಬಾಯಿ' ಮತ್ತು 'ಫಣಿಯಮ್ಮ' ಕಾದಂಬರಿಗಳನ್ನು. ಎರಡರಲ್ಲೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹೆಣ್ಣಿದ್ದಾಳೆ. ಗೈಡ್‌ಗಳಲ್ಲಿ ಇಷ್ಟಕ್ಕೇ 'ಅಂದಿನ ಸಮಾಜ ಸಂಪ್ರದಾಯಸ್ಥವಾಗಿತ್ತು' ಅಂತ ಒಂದು ಸಾಲು ಬರೆದು ಮುಗಿಸಿರುತ್ತಾರೆ. ಪಕ್ಕದಲ್ಲಿ ಕೂತವರ ಉತ್ತರದಲ್ಲೂ ಅದೇ ಸಾಲಿತ್ತು, ಮೇಡಂ ಅದರ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದು 'ಎಂದಿನ? ಯಾರ ಸಮಾಜ?' ಅಂತ ಬರೆದರು.

ಆಮೇಲೆ ಬೋರ್ಡಿನ ಮೇಲೆ ಕಥೆ ನಡೆಯುವ ಕಾಲ, ಬರೆದ ಕಾಲ ಅಂತ ಎರಡು ಸಾಲು. ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ' ಬರೆದಿದ್ದು 1899ರಲ್ಲಿ, ತಮ್ಮ ಕಾಲದ ಬಗ್ಗೆಯೇ. ವಿಧವೆಯರ ಮರುಮದುವೆಗೆ ಕಾನೂನು 1856ರಲ್ಲೇ ಬಂದಿತ್ತು, ಆದರೂ ಅಷ್ಟು ವರ್ಷದ ಮೇಲೆ ಅದರ ಪರವಾಗಿ ಕಾದಂಬರಿ ಬರೆಯಬೇಕಾಯಿತು ಅಂದರೆ ಜನರ ಮನಸ್ಸು ಎಲ್ಲಿತ್ತು ನೋಡಿ! ಅಲ್ಲಿ ಇಂದಿರೆ ಓದುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದಿದ್ದು 1976ರಲ್ಲಿ, ಕಥೆ ಮಾತ್ರ ಹಳೇ ಕಾಲದ್ದು. ಫಣಿಯಮ್ಮ ತನ್ನ ಮಟ್ಟಿಗೆ ಎಲ್ಲ ಕಟ್ಟುಪಾಡನ್ನೂ ಪಾಲಿಸುತ್ತಾಳೆ, ಆದರೆ ತಲೆ ಬೋಳಿಸಿಕೊಳ್ಳಲ್ಲ ಅಂದ ಚಿಕ್ಕ ವಯಸ್ಸಿನ ವಿಧವೆ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ. ಒಂದು ಕಾದಂಬರಿ ಹೊಸ ಬದುಕು ಕೊಡುತ್ತದೆ, ಇನ್ನೊಂದು ಹಾಗೇನೂ ಕೊಡದೆ ಅನ್ಯಾಯ ತೋರಿಸುತ್ತದೆ. ಕಥೆ ಯಾರಿಗೆ ಏನು ಕೊಟ್ಟಿತು ಅನ್ನೋದರಲ್ಲೇ ಲೇಖಕರು ಯಾವುದನ್ನು ಸರಿ ಅಂದುಕೊಂಡಿದ್ದರು ಅಂತ ಗೊತ್ತಾಗುತ್ತದೆ, ಅದನ್ನು ಪಾತ್ರದ ಮಾತು, ನಡವಳಿಕೆ ಹಿಡಿದು ಬರೆಯಿರಿ ಅನ್ನುತ್ತಾರೆ. ನನಗೆ ತುಂಬಾ ಇಷ್ಟವಾಗಿದ್ದು ಇದು.

ಪ್ರತಿ ವಾರ ಒಂದು ಉತ್ತರ ಬರೆಸಿ, ತಿದ್ದಿ ವಾಪಸ್ ಕೊಡುತ್ತಾರೆ.

ಕೊರತೆಯೂ ಇದೆ. ರೂಮು ಚಿಕ್ಕದು, ತಡವಾಗಿ ಹೋದರೆ ಬಾಗಿಲ ಹತ್ತಿರವೇ ಜಾಗ. ಜೆರಾಕ್ಸ್ ನೋಟ್ಸ್ ಎಷ್ಟೋ ಕಡೆ ಓದಲಾಗುವುದಿಲ್ಲ. ಗಾಡಿ ನಿಲ್ಲಿಸುವುದು ಕಷ್ಟ, ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡೆದು ಬನ್ನಿ. ಹಳಗನ್ನಡಕ್ಕೆ ಸಮಯ ಕಮ್ಮಿ, ಪಂಪ ರನ್ನರ ಪಾಠ ಬೇಕಿದ್ದವರು ಬೇರೆ ಕಡೆ ನೋಡಿಕೊಳ್ಳುವುದೇ ಒಳ್ಳೆಯದು.